ಟೆನಿಸ್ ಕಲಿಯುವ ಮಗುವಿಗೆ ಕೆಂಪು ಚೆಂಡು ಬಿಡಿಸಲು ಅವಸರ ಬೇಡ

ನನ್ನ ಮಗಳಿಗೆ ಆರು ತುಂಬಿದಾಗ ಮೈಸೂರಿನ ಒಂದು ಬೇಸಿಗೆ ಟೆನಿಸ್ ಶಿಬಿರಕ್ಕೆ ಸೇರಿಸಿದೆ. ಮೊದಲ ದಿನವೇ ಕೈಗೆ ದೊಡ್ಡವರ ರಾಕೆಟ್, ಎದುರಿಗೆ ಹಳದಿ ಚೆಂಡು. ಅದು ಪುಟಿದು ಅವಳ ತಲೆ ಮೇಲೆ ಹಾರಿ ಹೋಗುತ್ತಿತ್ತು. ಮೂರನೇ ದಿನ "ಅಮ್ಮಾ, ನನಗೆ ಟೆನಿಸ್ ಬರಲ್ಲ" ಅಂತ ಅತ್ತಳು. ಆರು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿ ನನಗೆ ತುಂಬಾ ನೋವಾಯಿತು. ಶಿಬಿರ ಬಿಡಿಸಿ ಮನೆಯಲ್ಲೇ ಶುರು ಮಾಡಿದೆವು.

ಮಕ್ಕಳಿಗೆ ಬೇರೆಯೇ ಚೆಂಡುಗಳಿವೆ, ಒಂದೊಂದು ಬಣ್ಣ ಕಲಿಕೆಯ ಒಂದೊಂದು ಹಂತ. ಕೆಂಪು ಚೆಂಡು ಹಳದಿಗಿಂತ ಸುಮಾರು ಶೇ. 75ರಷ್ಟು ನಿಧಾನ, ಕಿತ್ತಳೆ ಶೇ. 50, ಹಸಿರು ಚುಕ್ಕೆಯದ್ದು ಶೇ. 25. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಹಳದಿ ಚೆಂಡನ್ನು ಕೈಬಿಟ್ಟಿದೆ. ಕೆಂಪು ಚೆಂಡು ಮಗುವಿನ ಸೊಂಟದ ಹತ್ತಿರ ಪುಟಿಯುತ್ತದೆ. ಆಗ ಹೊಡೆತ ತಾನಾಗಿಯೇ ಸರಿಯಾಗಿ ಬರುತ್ತದೆ. ಭುಜಕ್ಕಿಂತ ಮೇಲೆ ಬಂದರೆ ಮಗು ಹಿಂದಕ್ಕೆ ವಾಲಿ, ಮಣಿಕಟ್ಟು ತಿರುಚಿ ಹೊಡೆಯುತ್ತದೆ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ರಾಕೆಟ್ ಕೊಳ್ಳುವಾಗ ಮಗುವನ್ನು ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಟ್ಟು ಹಿಡಿಸಿ ನೋಡಿ. ತುದಿ ನೆಲಕ್ಕೆ ತಾಗಿ ಮೊಣಕೈ ಮಡಚುವಂತಾದರೆ ಅದು ಉದ್ದ ಜಾಸ್ತಿ. ನಮಗೆ 21 ಇಂಚಿನದು ಸರಿಹೋಯಿತು. "ಬೆಳೆಯೋ ಮಗು, ದೊಡ್ಡದೇ ಇರಲಿ" ಅಂತ ಮಾತ್ರ ತರಬೇಡಿ. ಅದು ಯೂನಿಫಾರ್ಮ್ ಅಲ್ಲ.

ಕೆಂಪು ಹಂತಕ್ಕೆ 11 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ ಸಾಕು. ದೊಡ್ಡ ಕೋರ್ಟಿನ ಅಗಲವೇ ಹತ್ತಿರ ಹತ್ತಿರ 11 ಮೀಟರ್, ಹಾಗಾಗಿ ಅದರಲ್ಲೇ ಅಡ್ಡಕ್ಕೆ ಆಡಿಸಬಹುದು. ನಾವು ಮನೆ ಮುಂದಿನ ಖಾಲಿ ಸೈಟಿನಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆದೆವು. ಎರಡು ಕುರ್ಚಿಗಳ ನಡುವೆ 80 ಸೆಂಟಿಮೀಟರ್ ಎತ್ತರಕ್ಕೆ ಹಗ್ಗ ಕಟ್ಟಿ ನನ್ನ ಹಳೇ ಸೀರೆ ಇಳಿಬಿಟ್ಟೆವು.

ಮೊದಲ ಎರಡು ವಾರ ರಾಕೆಟ್ ಮುಟ್ಟಲೇ ಇಲ್ಲ. ನಾನು ಚೆಂಡು ಎಸೆಯುವುದು, ಅವಳು ಒಂದು ಪುಟಿತದ ನಂತರ ಹಿಡಿಯುವುದು. ಸುಮ್ನೆ ಆಟ ಅನ್ನಿಸುತ್ತದೆ, ಅಲ್ವಾ? ಆದರೆ ಚೆಂಡು ಎಲ್ಲಿ ಬೀಳುತ್ತದೆ, ಎಷ್ಟು ಮೇಲೇಳುತ್ತದೆ ಅನ್ನುವುದನ್ನು ಕಣ್ಣು ಕಲಿಯುವುದು ಇಲ್ಲೇ. ಆಮೇಲೆ ಅಂಗೈಯಿಂದ ಹೊಡೆತ, ಆಮೇಲೆ ರಾಕೆಟ್. ಚೆಂಡನ್ನು ತಾನೇ ಬಿಟ್ಟು, ಪುಟಿದ ಮೇಲೆ ಸೀರೆ ದಾಟಿಸಬೇಕು. ದಾಟಿದ್ದನ್ನು ಇಬ್ಬರೂ ಜೋರಾಗಿ ಎಣಿಸುತ್ತಿದ್ದೆವು. ಒಂದು ಸಂಜೆ ಇಬ್ಬರ ನಡುವೆ ಚೆಂಡು ಹತ್ತು ಸಲ ಓಡಾಡಿತು. ಅವಳು ರಾಕೆಟ್ ಬಿಸಾಕಿ ಬಂದು ನನ್ನನ್ನು ತಬ್ಬಿಕೊಂಡಳು. ಅದಾದ ಮೇಲೂ ನಾಲ್ಕು ತಿಂಗಳು ಕೆಂಪಲ್ಲೇ ಇದ್ದೆವು.

ಕಿತ್ತಳೆಗೆ ಯಾವಾಗ ಹೋಗಬೇಕು? ವಯಸ್ಸು ಎಂಟರ ಆಸುಪಾಸು ಅನ್ನುತ್ತಾರೆ. ನಾನು ನೋಡಿದ್ದು ಬೇರೆ: ಎರಡೂ ಕಡೆಯಿಂದ ಹೊಡೆದು ಮತ್ತೆ ನಡುವಿಗೆ ತಾನಾಗಿಯೇ ಬರುತ್ತಾಳಾ? ಬಂದರೆ ಸಿದ್ಧ. ಇಲ್ಲಿ ಕೋರ್ಟ್ 18 ಮೀಟರ್ ಆಗುತ್ತದೆ, ರಾಕೆಟ್ 23 ಅಥವಾ 25 ಇಂಚು. ಮೇಲಿನಿಂದ ಸರ್ವ್ (ಆಟ ಶುರು ಮಾಡುವ ಹೊಡೆತ) ಮಾಡುವುದು ನಮ್ಮಲ್ಲಿ ಗಟ್ಟಿಯಾದದ್ದು ಈ ಹಂತದಲ್ಲಿ. ಅದಕ್ಕೆ ಲಗೋರಿಯಷ್ಟು ಸಹಾಯ ಮಾಡಿದ್ದು ಬೇರೆ ಯಾವುದೂ ಇಲ್ಲ. ಪಕ್ಕಕ್ಕೆ ತಿರುಗಿ ನಿಂತು, ಮೊಣಕೈ ಮೇಲೆತ್ತಿ ಬೀಸಿ ಎಸೆಯುವುದು ಬಂದ ಮಗುವಿಗೆ ಸರ್ವ್ ಅರ್ಧ ಬಂದ ಹಾಗೆ. ಸರ್ವ್ ಮಾಡುವಾಗ ರಾಕೆಟ್ ಹಿಡಿತ ಸುತ್ತಿಗೆ ಹಿಡಿದ ಹಾಗಿರಲಿ.

ಹಸಿರು ಹಂತದಲ್ಲಿ ಕೋರ್ಟ್ ಪೂರ್ತಿ 23.77 ಮೀಟರ್. ಆಗ ಒಳ್ಳೆಯ ಕೋಚ್ ಬೇಕೇ ಬೇಕು. ಸೇರಿಸುವ ಮೊದಲು ಒಂದು ಸಂಜೆ ಬೇಲಿ ಪಕ್ಕ ನಿಂತು ಗಮನಿಸಿ. ಮಕ್ಕಳು ಸಾಲಲ್ಲಿ ನಿಂತು ಕಾಯುವುದು ಜಾಸ್ತಿಯಾ, ಚೆಂಡು ಹೊಡೆಯುವುದು ಜಾಸ್ತಿಯಾ? ಬುಟ್ಟಿಯಲ್ಲಿ ಹಳದಿ ಚೆಂಡು ಮಾತ್ರ ಇದ್ದರೆ ಇನ್ನೊಂದು ಕಡೆ ವಿಚಾರಿಸಿ.

ಮಗಳಿಗೆ ಈಗ ಹತ್ತು. ಹಸಿರು ಚುಕ್ಕೆಯ ಚೆಂಡಿನಲ್ಲಿ ಆಡುತ್ತಾಳೆ. ಹಳೇ ಕೆಂಪು ಚೆಂಡುಗಳನ್ನು ಪಕ್ಕದ ಮನೆಯ ಐದು ವರ್ಷದ ಹುಡುಗನಿಗೆ ಕೊಟ್ಟಿದ್ದಾಳೆ. ಭಾನುವಾರ ಬೆಳಿಗ್ಗೆ ಅವಳೇ ಸೀರೆ ಕಟ್ಟಿ ಅವನಿಗೆ ಎಸೆಯುತ್ತಾಳೆ, "ಮೊದಲು ಹಿಡಿ, ಆಮೇಲೆ ಹೊಡೆಯೋಣ" ಅನ್ನುತ್ತಾಳೆ.