ಕಾರವಾರದಿಂದ ಲಕೋಟೆಯಲ್ಲಿ ಹೋದ ಕಣ್ಣೀರು

‘ಕಣ್ಣೀರಿನ ಪಟ್ಟಿ ಒಣಗಿಸಿ ಲಕೋಟೆಯಲ್ಲಿ ಕಳಿಸ್ತೀಯಾ? ಅದರಲ್ಲಿ ಪ್ರೋಟೀನ್ ಏನು ಉಳಿದಿರ್ತದೆ ಮಾರಾಯ?’ ಅಂದವರಲ್ಲಿ ಇಬ್ಬರು ಈಗ ತಾವೇ ಒಣಗಿಸುತ್ತಿದ್ದಾರೆ. ಅದಕ್ಕೇ, ಕಣ್ಣೀರಿನ ಪ್ರೋಟೀನ್ ಪರೀಕ್ಷೆಗೆ ಪಟ್ಟಿಗಳನ್ನು ಬೆಂಗಳೂರಿಗೆ ಕಳಿಸುವ ನನ್ನ ಬಗೆಯನ್ನು ಬರೆದಿಡುತ್ತಿದ್ದೇನೆ.

ಮೊದಲ ವರ್ಷ ನಾನೂ ಐಸನ್ನೇ ನಂಬಿದ್ದೆ. ಶಿರ್ಮರ್ ಪಟ್ಟಿಯಲ್ಲಿ (ಕೆಳರೆಪ್ಪೆಗೆ ಸಿಕ್ಕಿಸುವ ಹೀರುಕಾಗದ) ಕಣ್ಣೀರು ತೆಗೆದು ಟ್ಯೂಬಿಗೆ ಹಾಕುವುದು, ಥರ್ಮೋಕೋಲ್ ಡಬ್ಬಿಗೆ ಡ್ರೈ ಐಸ್ ತುಂಬಿ ಬೆಂಗಳೂರಿನ ರಾತ್ರಿ ಬಸ್ಸಿಗೆ ಕೊಡುವುದು. ಐಸಿನ ಖರ್ಚೇ ಪ್ರೋಟೀನ್ ತುಂಡರಿಸುವ ಕಿಣ್ವ ಟ್ರಿಪ್ಸಿನ್ನಿನ ಖರ್ಚನ್ನು ಮೀರುತ್ತಿತ್ತು. ಒಂದು ಜುಲೈಯಲ್ಲಿ ಅರಬೈಲ್ ಘಟ್ಟದಲ್ಲಿ ಮಣ್ಣು ಜಾರಿ ಬಸ್ಸು ಏಳೆಂಟು ತಾಸು ನಿಂತಿತು. ಡಬ್ಬಿ ತೆರೆದರೆ ಇಪ್ಪತ್ತನಾಲ್ಕು ಟ್ಯೂಬೂ ಬೆಚ್ಚಗೆ! ತೂಕದಿಂದ ಪ್ರೋಟೀನ್ ಗುರುತಿಸುವ ಮಾಸ್ ಸ್ಪೆಕ್ ಯಂತ್ರದ ರನ್‌ಗೆ ಕಟ್ಟಿದ್ದ ಮುಂಗಡವೂ ಸೇರಿ ಹತ್ತಿರ ಹತ್ತಿರ ಎಂಬತ್ತು ಸಾವಿರ ನೀರುಪಾಲು.

ಒಣಗಿಸೋಣ ಅಂದರೆ, ಮಳೆಗಾಲದಲ್ಲಿ ಇಲ್ಲಿ ಹಪ್ಪಳವೇ ಒಣಗುವುದಿಲ್ಲ. ಫ್ಯಾನಿನ ಕೆಳಗಿಟ್ಟ ಪಟ್ಟಿಗಳಿಗೆ ನಾಲ್ಕೇ ದಿನದಲ್ಲಿ ಬೂಷ್ಟು. ಕೊನೆಗೆ ಕೈಹಿಡಿದದ್ದು ಅಗಲ ಬಾಯಿಯ ಸ್ಟೀಲ್ ಡಬ್ಬಿ: ತಳದಲ್ಲಿ ನೀಲಿ ಸಿಲಿಕಾ ಜೆಲ್, ಮೇಲೆ ಜಾಲರಿ, ಜಾಲರಿಯ ಮೇಲೆ ಪಟ್ಟಿ, ಮುಚ್ಚಳದ ಸುತ್ತ ಟೇಪು. ಜೆಲ್ ಗುಲಾಬಿಗೆ ತಿರುಗಿದರೆ ಮತ್ತೆ ಓವನ್ನಿಗೆ. ಪ್ರೋಟೀನು ಬಿಡಿಸಲು ಪಟ್ಟಿ ಕತ್ತರಿಸಿ ಅಮೋನಿಯಂ ಬೈಕಾರ್ಬೊನೇಟಿನಲ್ಲಿ ನೆನೆಹಾಕುತ್ತೇನೆ. ಜೊತೆಗೆ ಇನ್ನೊಂದು ವಸ್ತು ಬೀಳುತ್ತದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹದಿನೈದು ಜನರ ಒಂದು ಕಣ್ಣಿನ ಪಟ್ಟಿಯನ್ನು ಐಸಿನಲ್ಲಿಟ್ಟು ನಾನೇ ಕಾರಿನಲ್ಲಿ ಒಯ್ದೆ, ಇನ್ನೊಂದು ಕಣ್ಣಿನದು ಒಣಗಿ ಕೊರಿಯರ್‌ನಲ್ಲಿ ಹೋಯಿತು. ಎರಡರಲ್ಲೂ ಮುನ್ನೂರರ ಆಸುಪಾಸು ಬಗೆಯ ಪ್ರೋಟೀನು. ಕಣ್ಣೀರಿನ ಮುಖ್ಯ ಪ್ರೋಟೀನುಗಳಾದ ಲ್ಯಾಕ್ಟೋಫೆರಿನ್, ಲೈಸೋಜೈಮ್, ಲಿಪೋಕ್ಯಾಲಿನ್ ಅಂತೂ ಅಳತೆಗೆ ಅಳತೆ. ಒಣಗಿದ್ದರಲ್ಲಿ ಮೆಥಿಯೋನಿನ್ ಆಕ್ಸಿಡೇಶನ್ (ಪ್ರೋಟೀನಿನ ಒಂದು ಅಮೈನೋ ಆಮ್ಲಕ್ಕೆ ಆಮ್ಲಜನಕ ಸೇರುವುದು) ತುಸು ಹೆಚ್ಚು, ಒಪ್ಪುತ್ತೇನೆ. ಆದರೆ ಒಂದು ಪಟ್ಟಿಯ ಸಾಗಾಟ ಇನ್ನೂರು ಚಿಲ್ಲರೆಯಿಂದ ಹತ್ತು ರೂಪಾಯಿಯೊಳಗೆ ಇಳಿಯಿತು.

ಆಮೇಲೆ ಶುರುವಾಯಿತು 44ರ ಕಾಟ. ಕೆಲವು ರನ್‌ಗಳಲ್ಲಿ ತೂಕದಲ್ಲಿ 44ರ ಅಂತರದಲ್ಲಿ ಏಣಿಯ ಮೆಟ್ಟಿಲಿನಂತೆ ಪೀಕ್, ಅದರ ಹಿಂದೆ ಪೆಪ್ಟೈಡುಗಳೆಲ್ಲ (ಪ್ರೋಟೀನಿನ ತುಂಡುಗಳು) ಮಾಯ. ಪೆಗ್, ಅಂದರೆ ಪಾಲಿಎಥಿಲಿನ್ ಗ್ಲೈಕಾಲ್, ಎಂದು ನೋಡಿದವರಿಗೆಲ್ಲ ಗೊತ್ತು, ಬರುವುದೆಲ್ಲಿಂದ? ಟ್ಯೂಬು, ಗ್ಲೌಸು, ನೀರು ಎಲ್ಲ ಬದಲಿಸಿದೆ. ಎರಡು ತಿಂಗಳಾದ ಮೇಲೆ ಒಬ್ಬ ಅಜ್ಜಿ ತಾನಾಗಿ ಹೇಳಿದರು: ‘ಕಣ್ಣು ಉರೀತಿತ್ತು ತಮಾ, ಹನಿ ಬಿಟ್ಕೊಂಡೇ ಬಂದೆ.’ ಬಾಟಲಿ ತಿರುಗಿಸಿ ಓದಿದರೆ ಪಾಲಿಎಥಿಲಿನ್ ಗ್ಲೈಕಾಲ್ 400! ಈಗ ಹೆಸರು ಕೇಳುವ ಮೊದಲು ಹನಿ ಬಿಟ್ಟುಕೊಂಡಿದ್ದೀರಾ ಅಂತ ಕೇಳುತ್ತೇನೆ.

ನಡುವೆ ನೀರುಳ್ಳಿಯದೂ ಒಂದು ಹುಚ್ಚು. ಉಕ್ಕಿಬರುವ ಕಣ್ಣೀರಲ್ಲಿ ಐಜಿಎ ಎಂಬ ಪ್ರತಿಕಾಯದ ಪಾಲು ಇಳಿಯುತ್ತದಲ್ಲ, ಒಣಪಟ್ಟಿಯಲ್ಲೂ ಅದು ಕಾಣುತ್ತದಾ ನೋಡಬೇಕಿತ್ತು. ಕುಮಟಾ ನೀರುಳ್ಳಿ ಗೊಂಚಲನ್ನೇ ತಂದು ಹೆಚ್ಚಿದೆ. ಅದು ಸಿಹಿ, ಪಟ್ಟಿ ಅರ್ಧವೂ ಒದ್ದೆಯಾಗಲಿಲ್ಲ. ಮರುದಿನ ಹುಬ್ಬಳ್ಳಿ ಕಡೆಯ ಖಾರದ್ದು ತರಿಸಿದೆ. ಐಜಿಎ ಇಳಿದದ್ದು ಚೆನ್ನಾಗಿಯೇ ಕಂಡಿತು. ಕುಮಟಾದ್ದು ಸಾಂಬಾರಿಗೆ ಹೋಯಿತು.