ಸೂಪ್ ಮೊದಲೋ, ಅಜ್ಜಿ ಮೊದಲೋ: ಕ್ರೊಯೇಷಿಯನ್‌ನಲ್ಲಿ ಪದ ಜೋಡಿಸುವ ಬಗೆ

ಕ್ರೊಯೇಷಿಯನ್ ಕಲಿಯಲು ಶುರು ಮಾಡಿದ ಹೊಸತರಲ್ಲಿ ನಾನು ಬರೆದ ಒಂದು ವಾಕ್ಯ ನೋಡಿ ಪಾಠ ಹೇಳುತ್ತಿದ್ದವರು ನಕ್ಕರು. ‘ಬಾಕಾ ಯುಹು ಕುಹಾ’ ಎಂದು ಬರೆದಿದ್ದೆ. ಬಾಕಾ ಅಂದರೆ ಅಜ್ಜಿ, ಯುಹು ಅಂದರೆ ಸೂಪನ್ನು, ಕುಹಾ ಅಂದರೆ ಬೇಯಿಸುತ್ತಾಳೆ. ಅಜ್ಜಿ ಸೂಪ್ ಮಾಡುತ್ತಾಳೆ, ಅಷ್ಟೇ. ಕನ್ನಡದ ಕ್ರಮವನ್ನು ಹಾಗೇ ಇಟ್ಟಿದ್ದೆ. ‘ತಪ್ಪೇನಿಲ್ಲ. ಆದರೆ ಪದ್ಯ ಯಾಕೆ ಬರೆದಿರಿ?’ ಎಂದು ಕೇಳಿದರು.

ನಮ್ಮ ಅಡುಗೆಮನೆಯ ಮಾತು ಅವರ ಕಿವಿಗೆ ಪದ್ಯವಾಗಿತ್ತು. ಅವರ ಮಾಮೂಲಿ ಕ್ರಮ ‘ಬಾಕಾ ಕುಹಾ ಯುಹು’. ಅಜ್ಜಿ, ಬೇಯಿಸುತ್ತಾಳೆ, ಸೂಪನ್ನು. ಕ್ರಿಯಾಪದ ನಡುವೆ ಬರುತ್ತದೆ. ಈ ಕ್ರಮವನ್ನು ಮುರಿಯಬಹುದು. ಆದರೆ ಮುರಿದಾಗಲೆಲ್ಲ ಓದುಗರಿಗೆ ಏನೋ ಒಂದು ಹೇಳಿದಂತಾಗುತ್ತದೆ. ಏನು ಹೇಳಿದಂತಾಗುತ್ತದೆ ಅನ್ನುವುದು ಗೊತ್ತಿದ್ದರೆ ಕ್ರೊಯೇಷಿಯನ್ ಕಥೆ, ಕವಿತೆ ಓದುವ ರುಚಿಯೇ ಬೇರೆ. ಅನುವಾದ ಮಾಡುವವರಿಗಂತೂ ಇದು ಬೇಕೇ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಭಾಷೆಯನ್ನು ಬರೆಯುವುದು ಲ್ಯಾಟಿನ್ ಅಕ್ಷರದಲ್ಲಿ. ಇಲ್ಲಿ ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಅವರಿಗೆ ಎರಡು ಬಗೆಯ ‘ಚ’ ಇದೆ, ನಾನು ಒಂದರಲ್ಲೇ ಮುಗಿಸಿದ್ದೇನೆ.

ಹೆಜ್ಜೆ 1: ಪದದ ಬಾಲ ನೋಡಿ

ಕ್ರೊಯೇಷಿಯನ್‌ನಲ್ಲಿ ಏಳು ವಿಭಕ್ತಿಗಳಿವೆ. ಸೂಪ್ ಅನ್ನುವುದು ‘ಯುಹಾ’. ‘ಸೂಪನ್ನು’ ಅನ್ನಬೇಕಾದರೆ ‘ಯುಹು’. ಕೂಗಿ ಕರೆಯುವಾಗ ಅಜ್ಜಿ ‘ಬಾಕಾ’ ಅಲ್ಲ, ‘ಬಾಕೊ’. ಯಾರು ಯಾರಿಗೆ ಏನು ಮಾಡಿದರು ಅನ್ನುವುದು ಬಾಲದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಜಾಗ ಬದಲಾದರೂ ಅಜ್ಜಿ ಅಜ್ಜಿಯೇ, ಸೂಪ್ ಸೂಪೇ. ಮೂರು ಪದ, ಆರು ಕ್ರಮ. ಆರೂ ವ್ಯಾಕರಣಕ್ಕೆ ಒಪ್ಪುತ್ತವೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಆದರೆ ಎಲ್ಲ ಪದಗಳಿಗೂ ಬಾಲ ಬದಲಾಗುವುದಿಲ್ಲ. ನಪುಂಸಕ ಲಿಂಗದ ಪದಗಳಲ್ಲಿ ‘ಆಕಾಶ’ಕ್ಕೂ ‘ಆಕಾಶವನ್ನು’ ಅನ್ನುವುದಕ್ಕೂ ಒಂದೇ ರೂಪ. ‘ನೆಬೊ ಗ್ಲೆದಾ ಮೊರೆ’ ಎಂಬ ವಾಕ್ಯ ನೋಡಿ. ನೆಬೊ ಆಕಾಶ, ಮೊರೆ ಕಡಲು, ಗ್ಲೆದಾ ಅಂದರೆ ನೋಡುತ್ತದೆ. ಯಾರು ಯಾರನ್ನು ನೋಡುತ್ತಿದ್ದಾರೆ? ಬಾಲ ಏನನ್ನೂ ಹೇಳುವುದಿಲ್ಲ. ಆಗ ಮೊದಲು ಬಂದದ್ದೇ ಕರ್ತೃ ಎಂದು ಓದುಗರು ಹಿಡಿಯುತ್ತಾರೆ. ಆಕಾಶ ಕಡಲನ್ನು ನೋಡುತ್ತದೆ. ಆದರೂ ಒಂದು ಸಣ್ಣ ಅನುಮಾನ ಉಳಿದೇ ಇರುತ್ತದೆ. ಕವಿಗೆ ಆ ಅನುಮಾನವೇ ಬೇಕಿರಬಹುದು. ವರದಿ ಬರೆಯುವವರು ಮಾತ್ರ ಇಂಥ ಕಡೆ ಜಾಗ ಬದಲಿಸಬಾರದು.

ಹೆಜ್ಜೆ 2: ಹೊಸ ವಿಷಯವನ್ನು ಕೊನೆಗಿಡಿ

ಇಡೀ ಆಟದ ಅರ್ಧ ಭಾಗ ಇದೇ. ಓದುಗರಿಗೆ ಆಗಲೇ ಗೊತ್ತಿರುವುದು ಮುಂದೆ, ಗೊತ್ತಿಲ್ಲದ್ದು ಕೊನೆಗೆ. ಪ್ರಾಗ್‌ನ ಭಾಷಾಶಾಸ್ತ್ರಜ್ಞ ವಿಲೆಮ್ ಮತೆಸಿಯುಸ್ ಕಳೆದ ಶತಮಾನದ ಮೊದಲ ಅರ್ಧದಲ್ಲಿ ಚೆಕ್ ಭಾಷೆಯನ್ನು ಇಟ್ಟುಕೊಂಡು ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದ. ಚೆಕ್ಕಿಗೆ ನೆಂಟನಾದ ಕ್ರೊಯೇಷಿಯನ್‌ಗೂ ಅದು ಸರಿಹೊಂದುತ್ತದೆ.

ಪರೀಕ್ಷೆ ಸುಲಭ. ವಾಕ್ಯ ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿಕೊಳ್ಳಿ. ‘ಅಜ್ಜಿ ಏನು ಮಾಡುತ್ತಾಳೆ?’ ಅಂದರೆ ‘ಬಾಕಾ ಕುಹಾ ಯುಹು’. ‘ಸೂಪ್ ಯಾರು ಮಾಡೋದು?’ ಅಂದರೆ ‘ಯುಹು ಕುಹಾ ಬಾಕಾ’. ನಾವೂ ‘ಸೂಪ್ ಮಾಡೋದು ಅಜ್ಜಿ’ ಅನ್ನುತ್ತೇವೆ. ಕ್ರಮ ಅದೇ. ವ್ಯತ್ಯಾಸ ಏನೆಂದರೆ, ಕನ್ನಡದಲ್ಲಿ ಹಾಗೆ ಹೇಳಲು ‘ಮಾಡುತ್ತಾಳೆ’ ಹೋಗಿ ‘ಮಾಡೋದು’ ಆಗಬೇಕು. ಅವರು ಪದದ ರೂಪವನ್ನು ಮುಟ್ಟುವುದೇ ಇಲ್ಲ. ಜಾಗ ಬದಲಿಸಿದರೆ ಮುಗಿಯಿತು.

ಈಗ ಇನ್ನೊಂದು ಜೋಡಿ. ‘ಪಿಸ್ಮೊ ಯೆ ನಾ ಸ್ತೊಲು’, ‘ನಾ ಸ್ತೊಲು ಯೆ ಪಿಸ್ಮೊ’. ಮೊದಲನೆಯದು ‘ಪತ್ರ ಮೇಜಿನ ಮೇಲಿದೆ’. ಎರಡನೆಯದು ‘ಮೇಜಿನ ಮೇಲೆ ಒಂದು ಪತ್ರ ಇದೆ’. ಮೊದಲನೆಯದರಲ್ಲಿ ಪತ್ರದ ವಿಷಯ ನಮಗೆ ಗೊತ್ತು, ಎಲ್ಲಿದೆ ಎಂದು ಹುಡುಕುತ್ತಿದ್ದೆವು. ಎರಡನೆಯದರಲ್ಲಿ ಕೋಣೆಗೆ ಕಾಲಿಟ್ಟಿದ್ದೇವೆ, ಕಣ್ಣು ಮೇಜಿನ ಕಡೆ ಹೋಗಿದೆ, ಅಲ್ಲಿ ಏನೋ ಕಾಣಿಸಿದೆ. ‘ಒಂದು’, ‘ಆ’ ಎಂದೆಲ್ಲ ಸೇರಿಸದೆ ಕ್ರಮವೇ ಆ ಕೆಲಸ ಮಾಡಿಬಿಡುತ್ತದೆ. ಪತ್ತೇದಾರಿ ಕಥೆ ಬರೆಯುವವರು ಎರಡನೆಯದನ್ನೇ ಆರಿಸುತ್ತಾರೆ, ಅನುಮಾನವೇ ಬೇಡ.

ಮಾತಾಡುವಾಗ ಇನ್ನೊಂದು ದಾರಿ ಇದೆ. ಹೊಸ ವಿಷಯವನ್ನೇ ಮುಂದೆ ತಂದು ಗಟ್ಟಿಯಾಗಿ ಹೇಳಿಬಿಡುವುದು. ‘ಯುಹು’ ಎಂಬುದನ್ನು ಒತ್ತಿ ಹೇಳಿ ‘ಕುಹಾ ಬಾಕಾ’ ಎಂದು ಬೇಗ ಮುಗಿಸಿದರೆ, ‘ಸೂಪ್ ಮಾಡ್ತಿದ್ದಾಳೆ ಕಣೋ, ಕಾಫಿ ಅಲ್ಲ’ ಅಂದಂತೆ. ಕಾಗದದ ಮೇಲೆ ದನಿ ಕೇಳಿಸುವುದಿಲ್ಲ. ಅದಕ್ಕೇ ಹಿಂದಿನ ವಾಕ್ಯದಲ್ಲಿ ಜಗಳಕ್ಕೋ ಆಶ್ಚರ್ಯಕ್ಕೋ ಒಂದು ಕಾರಣ ಇಟ್ಟಿರಬೇಕು. ಇಲ್ಲದಿದ್ದರೆ ಓದುಗರು ಅದನ್ನು ಸಪ್ಪೆಯಾಗಿಯೇ ಓದುತ್ತಾರೆ.

ಹೆಜ್ಜೆ 3: ಕ್ರಿಯಾಪದವನ್ನು ಮುಂದೆ ತನ್ನಿ

‘ಯೆಸೆನ್ ಯೆ ದೋಶ್ಲಾ’ ಅಂದರೆ ಎಲೆ ಉದುರುವ ಕಾಲ ಬಂತು. ಇದು ಸುದ್ದಿ. ‘ದೋಶ್ಲಾ ಯೆ ಯೆಸೆನ್’ ಅಂದರೆ ಬಂತು ಎಲೆ ಉದುರುವ ಕಾಲ. ಇಲ್ಲಿ ಯಾರೋ ಕಥೆ ಹೇಳಲು ಕೂತಿದ್ದಾರೆ. ಮಕ್ಕಳ ಕಥೆಗಳೂ ಹೀಗೇ ಶುರುವಾಗುತ್ತವೆ: ‘ಬಿಯೊ ಯೆದ್ನೊಮ್ ಯೆದನ್ ಕ್ರಾಲ್’. ಇದ್ದ ಒಂದು ಕಾಲಕ್ಕೆ ಒಬ್ಬ ರಾಜ. ನಮ್ಮಲ್ಲಿ ‘ಬಂದ ನೋಡು ನಿನ್ನ ಮಗ’ ಅಂದಾಗ ಕ್ರಿಯೆ ಮುಂದೆ ಬರುತ್ತದಲ್ಲ, ಆ ಜಾತಿಯದೇ. ನಮ್ಮಲ್ಲಿ ಅದಕ್ಕೆ ಕೊಂಚ ಕುಟುಕುವ ದನಿ ಜಾಸ್ತಿ. ಅವರಲ್ಲಿ ಕಥೆಯ ದನಿ ಜಾಸ್ತಿ.

ಹೆಜ್ಜೆ 4: ಎರಡನೇ ಜಾಗವನ್ನು ಚಿಕ್ಕವರಿಗೆ ಬಿಟ್ಟುಕೊಡಿ

ಇಷ್ಟು ಹೊತ್ತು ಎಲ್ಲವೂ ಸಡಿಲ ಎಂದೆ. ಈಗ ಸಡಿಲವಲ್ಲದ ಒಂದು ವಿಷಯ.

ಕ್ರೊಯೇಷಿಯನ್‌ನಲ್ಲಿ ಒತ್ತಿ ಹೇಳದ ಪುಟ್ಟ ಪದಗಳ ಒಂದು ಗುಂಪಿದೆ. ಸಮ್, ಸಿ, ಸು, ಯೆ (ಇದ್ದೇನೆ, ಇದ್ದೀಯ, ಇದ್ದಾರೆ, ಇದೆ), ಬಿ, ಮು (ಅವನಿಗೆ), ಗಾ (ಅವನನ್ನು, ಅದನ್ನು), ಸೆ, ಹೀಗೆ. ಇವಕ್ಕೆ ಸ್ವಂತ ಕಾಲಿಲ್ಲ. ತಮಗಿಂತ ಮೊದಲು ಬಂದ ಪದದ ಹೆಗಲಿಗೆ ಆತುಕೊಂಡೇ ನಿಲ್ಲಬೇಕು. ಆದ್ದರಿಂದ ವಾಕ್ಯದ ಮೊದಲಿಗೆ ಬರುವ ಹಾಗಿಲ್ಲ. ಇವುಗಳ ಜಾಗ ಎರಡನೆಯದು. ಹಳೆಯ ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ಇಂಥ ಪದಗಳು ಎರಡನೇ ಜಾಗಕ್ಕೇ ಸರಿಯುತ್ತವೆ ಎಂದು 1892ರಲ್ಲೇ ಸ್ವಿಸ್ ವಿದ್ವಾಂಸ ಯಾಕೊಬ್ ವಾಕರ್‌ನಾಗೆಲ್ ಬರೆದಿದ್ದ. ಕ್ರೊಯೇಷಿಯನ್ ಆ ಪದ್ಧತಿಯನ್ನು ಇವತ್ತಿಗೂ ಬಿಟ್ಟಿಲ್ಲ.

‘ನಿನ್ನೆ ಅವನನ್ನು ನೋಡಿದೆ’ ಅನ್ನಲು ‘ಯುಚೆರ್ ಸಮ್ ಗಾ ವಿದಿಯೊ’ ಅನ್ನಬಹುದು, ‘ವಿದಿಯೊ ಸಮ್ ಗಾ ಯುಚೆರ್’ ಅನ್ನಬಹುದು. ನಿನ್ನೆ ಮುಂದೋ, ನೋಡುವುದು ಮುಂದೋ, ನಿಮ್ಮಿಷ್ಟ. ‘ಸಮ್ ಗಾ’ ಮಾತ್ರ ಎರಡನೇ ಜಾಗದಲ್ಲಿ ಅಲುಗಾಡದೆ ಕೂತಿದೆ. ಅವುಗಳ ನಡುವೆಯೂ ಸಾಲು ತಪ್ಪುವಂತಿಲ್ಲ. ‘ಅವನಿಗೆ’ ಮೊದಲು, ‘ಅದನ್ನು’ ಆಮೇಲೆ. ‘ಅವನಿಗೆ ಅದನ್ನು ಕೊಟ್ಟೆ’ ಅಂದರೆ ‘ದಾವೊ ಸಮ್ ಮು ಗಾ’. ‘ಅವನು ಅವನಿಗೆ ಅದನ್ನು ಕೊಟ್ಟ’ ಅಂದರೆ ‘ದಾವೊ ಮು ಗಾ ಯೆ’. ಸಮ್ ಸಾಲಿನ ಮುಂದೆ ನಿಂತರೆ ಯೆ ಸಾಲಿನ ಕೊನೆಗೆ. ಯಾಕೆ ಎಂದು ಕೇಳಬೇಡಿ, ಬಾಯಿಪಾಠ ಮಾಡಿ.

ಇದರಲ್ಲಿ ಸಾಹಿತ್ಯ ಎಲ್ಲಿ ಬಂತು? ‘ಎರಡನೇ ಜಾಗ’ವನ್ನು ಎರಡು ಬಗೆಯಲ್ಲಿ ಎಣಿಸಬಹುದು, ಅಲ್ಲಿ ಬಂತು. ‘ಹಳೆಯ ಮನೆ’ಯನ್ನು ಒಂದು ಗಂಟು ಎಂದು ಎಣಿಸಿ ಅದರ ಆಚೆ ‘ಯೆ’ ಇಡಬಹುದು. ‘ಹಳೆಯ’ ಎಂಬ ಒಂದೇ ಪದವನ್ನು ಎಣಿಸಿ, ಗಂಟನ್ನು ಸೀಳಿ ನಡುವೆಯೂ ಇಡಬಹುದು.

ಸ್ತಾರಾ ಕುಚಾ ಯೆ ಶುತ್ಯೆಲಾ.
ಸ್ತಾರಾ ಯೆ ಕುಚಾ ಶುತ್ಯೆಲಾ.

ಎರಡರ ಅರ್ಥವೂ ‘ಹಳೆಯ ಮನೆ ಮೌನವಾಗಿತ್ತು’. ಮೊದಲನೆಯದು ದಿನಬಳಕೆಯ ಮಾತು. ಎರಡನೆಯದು ಪುಸ್ತಕದ ಮಾತು. ನನಗೆ ಇಷ್ಟವಾಗುವುದು ಎರಡನೆಯದರಲ್ಲಿ ಅಡಗಿರುವ ಒಂದು ತುಂಟಾಟ. ‘ಸ್ತಾರಾ ಯೆ ಕುಚಾ’ ಎಂಬಲ್ಲಿಗೆ ನಿಲ್ಲಿಸಿ ನೋಡಿ. ಅದೇ ಒಂದು ಪೂರ್ತಿ ವಾಕ್ಯ: ‘ಮನೆ ಹಳೆಯದು’. ಓದುಗರು ಹಾಗೆಂದುಕೊಳ್ಳುವಷ್ಟರಲ್ಲಿ ‘ಶುತ್ಯೆಲಾ’ ಬಂದು ಕೂರುತ್ತದೆ. ಇಟ್ಟಿಗೆ ಗೋಡೆಯ ಮನೆ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ ಕೂತ ಮನುಷ್ಯನಂತಾಗುತ್ತದೆ. ಕ್ರಮವನ್ನು ಹಾಗೇ ಇಟ್ಟು ಇದನ್ನು ಕನ್ನಡಕ್ಕೆ ತರಲು ನನಗಂತೂ ಆಗಿಲ್ಲ. ‘ಮನೆ ಹಳೆಯದು. ಮಾತಾಡುತ್ತಿರಲಿಲ್ಲ’ ಎಂದು ಎರಡಾಗಿ ಒಡೆದದ್ದೇ ನಾನು ಕಂಡುಕೊಂಡ ದಾರಿ.

ಎಚ್ಚರಿಕೆ: ಹೀಗೆ ಸೀಳುವುದನ್ನು ಪ್ರತಿ ವಾಕ್ಯದಲ್ಲೂ ಮಾಡಿದರೆ ಕಥೆ ಹೋಗಿ ಸರ್ಕಾರಿ ಪ್ರಕಟಣೆ ಆಗುತ್ತದೆ. ವ್ಯಕ್ತಿಯ ಹೆಸರಿಗೂ ಅಡ್ಡಹೆಸರಿಗೂ ನಡುವೆ ‘ಯೆ’ ತುರುಕಿದ ಬರಹ ಓದಿದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ.

ಇನ್ನೊಂದು ಸಣ್ಣ ಅನುಕೂಲವೂ ಇದೆ. ‘ಮತ್ತು’ ಎಂಬ ಅರ್ಥದ ‘ಇ’ಗೆ ಆತುಕೊಂಡು ಈ ಪುಟ್ಟ ಪದಗಳು ನಿಲ್ಲುವುದಿಲ್ಲ. ಹಾಗಾಗಿ ‘ಇ’ ಆದಮೇಲೆ ಕ್ರಿಯಾಪದವನ್ನೇ ಮುಂದೆ ಕರೆಯಬಹುದು. ‘ಪಾದಾಲಾ ಯೆ ಕಿಶಾ ಇ ಪುಹಾವೊ ಯೆ ವ್ಯೆತರ್’: ಸುರಿಯುತ್ತಿತ್ತು ಮಳೆ, ಬೀಸುತ್ತಿತ್ತು ಗಾಳಿ. ಎರಡು ಬಾರಿ ಕ್ರಿಯೆ ಮುಂದೆ, ಎರಡು ಬಾರಿ ‘ಯೆ’ ಅದರ ಬೆನ್ನಿಗೆ. ತಾಳ ತಾನಾಗಿ ಕೂಡಿಬರುತ್ತದೆ.

ಹೆಜ್ಜೆ 5: ಬಣ್ಣವನ್ನು ಹಿಂದೆ ಹಾಕಿ

ಮಾಮೂಲಿಯಾಗಿ ಗುಣವಾಚಕ ಮುಂದೆ, ನಾಮಪದ ಹಿಂದೆ. ಹಸಿರು ಕಾಡು, ನಮ್ಮ ಹಾಗೇ. ಆದರೆ ಅವರು ಅದನ್ನು ತಿರುಗಿಸಬಲ್ಲರು. ಮನೆಯ ಮಾತಲ್ಲೂ ತಿರುಗಿಸುತ್ತಾರೆ: ‘ಮೊಯ್ ಸಿನ್’ ಅಂದರೆ ನನ್ನ ಮಗ. ಕರೆಯುವಾಗ ‘ಸಿನೆ ಮೊಯ್’ ಅಂದರೆ ಅಯ್ಯೋ ನನ್ನ ಕಂದಾ. ‘ನನ್ನ’ ಹಿಂದೆ ಹೋದ ಕೂಡಲೇ ಎದೆ ಕರಗಿತು.

ಹಾಡುಗಳು ಇದನ್ನು ಪೂರ್ತಿ ಬಳಸಿಕೊಂಡಿವೆ. ‘ಹಸನಾಗಿನಿತ್ಸಾ’ ಎಂಬ ಜನಪದ ಕಥನಗೀತೆಯನ್ನು ಇಟಲಿಯ ಪ್ರವಾಸಿ ಆಲ್ಬೆರ್ತೊ ಫೋರ್ತಿಸ್ ಕಡಲ ತೀರದ ದಾಲ್ಮೇಷಿಯ ಪ್ರಾಂತ್ಯ ಸುತ್ತಿ ಬಂದು 1774ರಲ್ಲಿ ಅಚ್ಚು ಹಾಕಿಸಿದ. ಅದರ ಮೊದಲ ಸಾಲು: ‘ಶ್ತೊ ಸೆ ಬ್ಯೆಲಿ ಉ ಗೊರಿ ಜ಼ೆಲೆನೊಯ್’. ಬೆಳ್ಳಗೆ ಕಾಣುವುದೇನು, ಕಾಡುಬೆಟ್ಟದಲ್ಲಿ ಹಸಿರಾದ? ಹತ್ತು ಉಚ್ಚಾರಾಂಶಗಳ ಸಾಲು ಇದು, ನಾಲ್ಕು ಆದಮೇಲೆ ಒಂದು ತಡೆ, ಆಮೇಲೆ ಆರು. ‘ಉ ಜ಼ೆಲೆನೊಯ್ ಗೊರಿ’ ಎಂದು ನೇರವಾಗಿ ಹಾಡಿದ್ದರೂ ಲೆಕ್ಕ ಆರೇ. ಅಂದರೆ ಲೆಕ್ಕ ತುಂಬಿಸಲೆಂದು ತಿರುಗಿಸಿದ್ದಲ್ಲ. ತಿರುಗಿಸಿದ್ದರಿಂದ ಏನಾಯಿತು ನೋಡಿ. ಮೊದಲ ತುಂಡಿನ ಕೊನೆಗೆ ಬಿಳಿ, ಎರಡನೇ ತುಂಡಿನ ಕೊನೆಗೆ ಹಸಿರು. ಎರಡು ಬಣ್ಣ ಎರಡು ತುದಿಯಲ್ಲಿ ಎದುರುಬದುರು. ಮುಂದೆ ಹಾಡು ಹಿಮವೇ, ಹಂಸಗಳೇ ಎಂದು ಕೇಳಿ, ಎರಡೂ ಅಲ್ಲ, ಅದು ಹಸನ್ ಆಗಾನ ಡೇರೆ ಎನ್ನುತ್ತದೆ. ಆ ಹೆಸರು ಬರುವುದೂ ಸಾಲಿನ ತುತ್ತತುದಿಗೆ. ಎರಡನೇ ಹೆಜ್ಜೆಯಲ್ಲಿ ಹೇಳಿದ್ದು ಇದನ್ನೇ.

ರಾಷ್ಟ್ರಗೀತೆ ಇನ್ನೂ ಮಜವಾಗಿದೆ. 1835ರಲ್ಲಿ ಆಂತುನ್ ಮಿಹಾನೊವಿಚ್ ಬರೆದ ಪದ್ಯದಿಂದ ಬಂದದ್ದು. ಈಗ ಹಾಡುವ ರೂಪದಲ್ಲಿ ಶುರು ಹೀಗೆ:

ಲ್ಯೇಪಾ ನಾಶಾ ದೊಮೊವಿನೊ,
ಓಯ್ ಯುನಾಚ್ಕಾ ಜ಼ೆಮ್ಲ್ಯೊ ಮಿಲಾ,
ಸ್ತಾರೆ ಸ್ಲಾವೆ ದ್ಯೆದೊವಿನೊ,
ದಾ ಬಿ ವಾಜ಼್ದಾ ಸ್ರೆತ್ನಾ ಬಿಲಾ.

ಒಂದೊಂದೇ ಸಾಲು ಬಿಚ್ಚೋಣ. ಮೊದಲನೆಯದು ‘ಚೆಂದದ ನಮ್ಮ ನಾಡೇ’. ಮಾಮೂಲಿ ಕ್ರಮ ‘ನಮ್ಮ ಚೆಂದದ ನಾಡೇ’. ಎರಡನೆಯದು ‘ವೀರರ ನೆಲವೇ, ಪ್ರಿಯವಾದ’. ಒಂದು ಗುಣ ಮುಂದೆ, ಒಂದು ಹಿಂದೆ, ನೆಲ ನಡುವೆ. ಮೂರನೆಯದು ‘ಹಳೆಯ ಕೀರ್ತಿಯ ಅಜ್ಜಂದಿರ ನೆಲವೇ’. ನಮಗೆ ಇದು ಸಹಜ, ಆದರೆ ಅವರಲ್ಲಿ ‘ಕೀರ್ತಿಯ’ ಎಂಬ ಷಷ್ಠಿ ಸಾಮಾನ್ಯವಾಗಿ ಹಿಂದೆ ಬರಬೇಕು. ನಾಲ್ಕನೆಯದು ‘ಸದಾ ಸುಖವಾಗಿರು’ ಎಂಬ ಹರಕೆ. ‘ಬಿಲಾ ಸ್ರೆತ್ನಾ’ ಆಗಬಹುದಾಗಿದ್ದದ್ದು ‘ಸ್ರೆತ್ನಾ ಬಿಲಾ’ ಆಗಿದೆ. ಮಿಲಾ, ಬಿಲಾ ಪ್ರಾಸ ಕೂಡಿತು. ನಾಲ್ಕು ಸಾಲು, ನಾಲ್ಕರಲ್ಲೂ ಸ್ಥಾನಪಲ್ಲಟ. ಆದರೆ ಕೊನೆಯ ಸಾಲಿನ ‘ಬಿ’ ನೋಡಿ. ಒತ್ತಿಲ್ಲದ ಪುಟ್ಟ ಪದ. ‘ದಾ’ ಆದ ಕೂಡಲೇ, ಎರಡನೇ ಜಾಗದಲ್ಲಿ, ತನ್ನ ಪಾಡಿಗೆ ಕೂತಿದೆ. ಕವಿ ಎಲ್ಲವನ್ನೂ ಎತ್ತಿ ಬೇರೆ ಕಡೆ ಇಟ್ಟ, ಅದನ್ನು ಮುಟ್ಟಲಿಲ್ಲ. ಫೋರ್ತಿಸ್ ಅಚ್ಚು ಹಾಕಿಸಿದ ಹಾಡಿನಲ್ಲೂ ‘ಸೆ’ ಎರಡನೇ ಪದವೇ.

ಆ ಮೊದಲ ಎರಡು ಪದ ಎಷ್ಟು ಅಂಟಿಕೊಂಡಿವೆ ಅಂದರೆ, ಜನ ದೇಶವನ್ನೇ ಸುಮ್ನೆ ‘ಲ್ಯೇಪಾ ನಾಶಾ’ ಅನ್ನುತ್ತಾರೆ. ನಾಡು ಅನ್ನುವ ಪದ ಬಿದ್ದುಹೋದರೂ ತಿರುಗಿಸಿದ ಕ್ರಮ ಉಳಿದಿದೆ.

ಹೆಜ್ಜೆ 6: ಕೊನೆಗೆ ಆ ಒಂದು ಕಟ್ಟನ್ನೂ ಮುರಿಯಿರಿ, ಮಾತಿನಲ್ಲಿ ಮಾತ್ರ

ಪುಟ್ಟ ಪದ ವಾಕ್ಯದ ಮೊದಲಿಗೆ ಬರಬಾರದು ಎಂದೆನಲ್ಲ? ಅದು ಶಿಷ್ಟ ಭಾಷೆಯ ಮಾತು. ದೇಶದ ಉತ್ತರ ಭಾಗದ ಕೈಕಾವಿಯನ್ ಎಂಬ ಆಡುನುಡಿಯಲ್ಲಿ ಅದು ಬರುತ್ತದೆ. ‘ನಿನಗೆ ಹೇಳಿದ್ದೆ’ ಅನ್ನಲು ಶಿಷ್ಟದಲ್ಲಿ ‘ರೆಕಾವೊ ಸಮ್ ತಿ’. ಕೈಕಾವಿಯನ್‌ನಲ್ಲಿ ‘ಸೆಮ್ ತಿ ರೆಕೆಲ್’ ಎಂದು ಶುರು ಮಾಡಬಹುದು. ರಾಜಧಾನಿ ಜಾಗ್ರೆಬ್‌ನ ಬೀದಿಯಲ್ಲೂ ಪ್ರಶ್ನೆ ಕೇಳುವಾಗ ಶುರುವನ್ನು ಮೊಟಕು ಮಾಡಿಬಿಡುತ್ತಾರೆ. ಬರಹದಲ್ಲಿ ‘ಯೆಸಿ ಲಿ ಗ್ಲಾದನ್?’, ಹಸಿದಿದ್ದೀಯಾ? ಬಾಯಲ್ಲಿ ‘ಸಿ ಗ್ಲಾದನ್?’

ಆದ್ದರಿಂದ ಕಥೆ ಬರೆಯುವಾಗ ನಿರೂಪಣೆಯಲ್ಲಿ ‘ಸಿ’ ಎರಡನೇ ಜಾಗದಲ್ಲೇ ಇರಲಿ. ಅಲ್ಲಿ ಬೇಕಾದರೆ ಮನೆಯನ್ನು ಸೀಳಿ, ಕಾಡಿನ ಬಣ್ಣ ಹಿಂದೆ ಹಾಕಿ, ಮಳೆಯನ್ನು ಮುಂದೆ ಸುರಿಸಿ. ಒಂದು ಪುಟಕ್ಕೆ ಒಂದೋ ಎರಡೋ ಸಾಕು. ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದ ಕಡೆ ಮಾಮೂಲಿ ಕ್ರಮಕ್ಕೆ ಮರಳಿ. ಆಮೇಲೆ ಬಾಗಿಲು ತೆರೆದು ಮೊಮ್ಮಗ ಒಳಗೆ ಬರಲಿ. ಭಾನುವಾರ ಮಧ್ಯಾಹ್ನ, ಒಲೆಯ ಮೇಲೆ ಸೂಪ್ ಕುದಿಯುತ್ತಿದೆ. ಅಜ್ಜಿ ತಿರುಗಿಯೂ ನೋಡದೆ ಕೇಳಲಿ: ‘ಸಿ ಗ್ಲಾದನ್?’