ಒಂಬತ್ತು ವರ್ಷ ಎಂಟು ತಿಂಗಳ ಗ್ರ್ಯಾಚುಟಿ ವಸೂಲಿ ಮಾಡಿದ ಕಥೆ

ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದೆ. ನಲವತ್ತು ಜನ ಇದ್ದ ಜಾಗ. 2012ರ ಅಕ್ಟೋಬರ್ 1ಕ್ಕೆ ಸೇರಿ 2022ರ ಮೇ 31ಕ್ಕೆ ಬಿಟ್ಟೆ. ಜಗಳ ಗಿಗಳ ಏನೂ ಇಲ್ಲ, ಮನೆ ಹತ್ತಿರ ಬೇರೆ ಕೆಲಸ ಸಿಕ್ಕಿತು ಅಷ್ಟೇ. ಕೊನೇ ದಿನ ಮಾಲೀಕರೇ ಒಳಗೆ ಕರೆದು ಟೀ ಕೊಡಿಸಿ "ನಿಮ್ಮ ದುಡ್ಡು ಎಲ್ಲಿಗೂ ಹೋಗಲ್ಲ ಬಿಡ್ರಿ" ಅಂದರು. ದುಡ್ಡು ಅಂದರೆ ಗ್ರ್ಯಾಚುಟಿ, ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಒಟ್ಟಿಗೆ ಕೊಡಬೇಕಾದ ಹಣ. ಆ ಮಾತು ನಿಜವೇ ಆಯಿತು. ದುಡ್ಡು ಎಲ್ಲಿಗೂ ಹೋಗಲಿಲ್ಲ, ಹದಿನೈದು ತಿಂಗಳು ಅವರ ಹತ್ತಿರವೇ ಇತ್ತು.

ಮೊದಲ ನಾಲ್ಕು ತಿಂಗಳು ನಾನು ಮಾಡಿದ್ದು ಬರೀ ಫೋನು. ಅಕೌಂಟ್ಸಿನವರು ಒಮ್ಮೆ "ಆಡಿಟ್ ನಡೀತಿದೆ" ಅಂದರು, ಇನ್ನೊಮ್ಮೆ "ಸಾಹೇಬರು ಊರಲ್ಲಿಲ್ಲ", ಆಮೇಲೆ "ಹಬ್ಬ ಒಂದು ಕಳೀಲಿ ಸಾರ್". ಗಣೇಶ ಹಬ್ಬ ಕಳೀತು, ದಸರಾನೂ ಬಂತು. ಹತ್ತು ವರ್ಷ ಜೊತೆಗೆ ಊಟ ಮಾಡಿದವರು, ಸುಮ್ನೆ ಯಾಕೆ ನಿಷ್ಠುರ ಆಗೋದು ಅಂತ ನಾನೂ ಬಿಟ್ಟೆ. ಈಗ ಯೋಚಿಸಿದರೆ ಆ ನಾಲ್ಕು ತಿಂಗಳಲ್ಲಿ ನಾನು ಹಣ ಕೇಳಿದ್ದೆ ಅನ್ನೋದಕ್ಕೆ ಒಂದು ಚೂರು ಕಾಗದವೂ ನನ್ನ ಹತ್ತಿರ ಇಲ್ಲ.

ಹೊಸ ಕಂಪನಿಯಲ್ಲಿ ಒಬ್ಬ ಹಿರಿಯರಿದ್ದರು, ಹಿಂದೆ ಯೂನಿಯನ್ನಿನಲ್ಲಿ ಓಡಾಡಿದವರು. ಅವರು ನನ್ನ ಪುರಾಣ ಪೂರ್ತಿ ಕೇಳಿಸಿಕೊಂಡು "ಫಾರಂ ಐ ಕೊಟ್ಟಿದ್ದೀಯೇನಪ್ಪಾ?" ಅಂತ ಒಂದೇ ಪ್ರಶ್ನೆ ಕೇಳಿದರು. ನಾನು ಅದನ್ನು ಫಾರಂ ಒಂದು ಅಂದುಕೊಂಡು ಜೆರಾಕ್ಸ್ ಅಂಗಡಿಯಲ್ಲೆಲ್ಲಾ ಕೇಳಿದೆ. ಅದು ಒಂದಲ್ಲ, ಇಂಗ್ಲಿಷಿನ ಅಕ್ಷರ. ಆಗ ಗ್ರ್ಯಾಚುಟಿ ಫಾರಂಗಳೆಲ್ಲ ಎ, ಬಿ, ಸಿ ಅಂತ ಅಕ್ಷರದಲ್ಲೇ ಇರುತ್ತಿದ್ದವು. ಐ ಅಂದರೆ ಕೆಲಸಗಾರ ಕಂಪನಿಗೆ ಕೊಡುವ ಅರ್ಜಿ. ಕಂಪನಿ ಕೊಡದೇ ಹೋದರೆ ಕಾರ್ಮಿಕ ಇಲಾಖೆಗೆ ಕೊಡುವುದು ಎನ್. ಅಷ್ಟೂ ಮಾಡಿ ಆದೇಶ ಬಂದ ಮೇಲೂ ದುಡ್ಡು ಬರದಿದ್ದರೆ ಟಿ. ಕೆಲಸ ಬಿಟ್ಟ 30 ದಿನದೊಳಗೆ ಫಾರಂ ಐ ಕೊಡಬೇಕು ಅಂತ ಇತ್ತು, ಆದರೆ ತಡವಾಯಿತು ಅಂತ ಹಕ್ಕು ಹೋಗಲ್ಲ. ನೀವು ಅರ್ಜಿ ಕೊಡಿ ಬಿಡಿ, ಲೆಕ್ಕ ಹಾಕಿ 30 ದಿನದಲ್ಲಿ ಕೊಡುವುದು ಕಂಪನಿಯ ಕೆಲಸವೇ.

ಅಕ್ಟೋಬರ್ ಎರಡನೇ ವಾರ ಫಾರಂ ತುಂಬಿ ರಿಜಿಸ್ಟರ್ ಪೋಸ್ಟ್ ಮಾಡಿದೆ. ಕಂಪನಿ ಸೀಲು ಬಿದ್ದ ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ ವಾಪಸ್ ಬಂದಾಗ, ನಂಬಿ, ಹಣ ಬಂದಷ್ಟೇ ಖುಷಿಯಾಯಿತು.

ನವೆಂಬರ್ ಕೊನೆಗೆ ಒಂದು ಪತ್ರ ಬಂತು. ಗ್ರ್ಯಾಚುಟಿ 81,900, ಅದರಲ್ಲಿ ನೋಟಿಸ್ ಅವಧಿ 12 ದಿನ ಕಡಿಮೆ ಆಗಿದ್ದಕ್ಕೆ 10,400 ಕಳೆದು 71,500 ರೂಪಾಯಿ, ಬಂದು ಫುಲ್ ಅಂಡ್ ಫೈನಲ್ (ಇನ್ನೇನೂ ಬಾಕಿ ಇಲ್ಲ ಅನ್ನೋ ಕಾಗದ) ಸಹಿ ಮಾಡಿ ಚೆಕ್ ತಗೊಳ್ಳಿ ಅಂತ. ಮನೆಯವಳು "ಬಂದಷ್ಟು ಬರಲಿ, ತಗೊಂಡು ಬಿಡ್ರಿ" ಅಂದಳು. ನನಗೂ ಒಂದು ದಿನ ಹಾಗೇ ಅನ್ನಿಸಿತು. ಆದರೆ ಸ್ಟೋರಿನಲ್ಲಿ ಒಂದು ಬೋಲ್ಟ್ ಕಮ್ಮಿ ಬಂದರೂ ರಾತ್ರಿ ಎಂಟರ ತನಕ ಎಣಿಸಿದ ಮನುಷ್ಯ ನಾನು, ಲೆಕ್ಕ ಹಾಕದೆ ಸಹಿ ಮಾಡೋಕೆ ಕೈ ಬರಲಿಲ್ಲ.

ಲೆಕ್ಕ ಕಷ್ಟ ಏನಿಲ್ಲ. ಕೊನೇ ತಿಂಗಳ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಬೇಕು. ಮನೆ ಬಾಡಿಗೆ ಭತ್ಯೆ, ಓಟಿ, ಬೋನಸ್ ಆಗ ಸೇರುತ್ತಿರಲಿಲ್ಲ. ನನ್ನದು ಕೈಗೆ ಬರುತ್ತಿದ್ದದ್ದು ಜಾಸ್ತಿ, ಆದರೆ ಬೇಸಿಕ್ ಡಿಎ ಸೇರಿ 18,200. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ್ದು ಬರುತ್ತೆ: 10,500. ಇದನ್ನು ವರ್ಷಗಳಿಂದ ಗುಣಿಸಬೇಕು. ಕೊನೆಯಲ್ಲಿ ಉಳಿದ ತಿಂಗಳು ಆರಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಒಂದು ವರ್ಷ ಅಂತಲೇ ಲೆಕ್ಕ. ನನ್ನದು ಒಂಬತ್ತು ವರ್ಷ ಎಂಟು ತಿಂಗಳು, ಅಂದರೆ ಹತ್ತು. ಒಟ್ಟು 1,05,000. ಅವರು 26ರ ಬದಲು 30ರಿಂದ ಭಾಗಿಸಿದ್ದರು, ಎಂಟು ತಿಂಗಳನ್ನು ನುಂಗಿ ಒಂಬತ್ತು ವರ್ಷ ಹಿಡಿದಿದ್ದರು. ನೋಡೋಕೆ ಸಣ್ಣ ಸಣ್ಣ ತಪ್ಪು, ಆದರೆ ಎರಡೂ ಅವರ ಕಡೆಗೇ ವಾಲಿದ್ದವು ಅಲ್ವಾ. ಇನ್ನು ನೋಟಿಸ್ ಅವಧಿ. ಗ್ರ್ಯಾಚುಟಿ ತಡೆಹಿಡಿಯೋಕೆ ಕಾಯ್ದೆಯಲ್ಲಿ ಕೆಲವೇ ಕಾರಣ ಕೊಟ್ಟಿದ್ದಾರೆ: ಬೇಕಂತಲೇ ಅಥವಾ ಅಜಾಗರೂಕತೆಯಿಂದ ಕಂಪನಿಗೆ ನಷ್ಟ ಮಾಡಿದ್ದು, ಹೊಡೆದಾಟ, ನೀತಿಗೆಟ್ಟ ಅಪರಾಧ, ಅದೂ ಆ ಕಾರಣಕ್ಕೇ ಕೆಲಸದಿಂದ ತೆಗೆದಿದ್ದರೆ ಮಾತ್ರ. 12 ದಿನ ಮುಂಚೆ ಬಿಟ್ಟಿದ್ದು ಆ ಪಟ್ಟಿಯಲ್ಲಿ ಇಲ್ಲ.

2023ರ ಜನವರಿ 9ಕ್ಕೆ ಫಾರಂ ಎನ್ ಹಾಕಿದೆ. ಇದಕ್ಕೆ 90 ದಿನದ ಗಡುವು ಇತ್ತು, ಮೀರಿದರೆ ತಡವಾಗಿದ್ದಕ್ಕೆ ಕಾರಣ ಬರೆದು ಇನ್ನೊಂದು ಅರ್ಜಿ ಕೊಡಬೇಕಿತ್ತು. ನಾನು ಹತ್ತಿರ ಹತ್ತಿರ ಬಂದಿದ್ದೆ. ಬೆಂಗಳೂರಿನವರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ನಿಮ್ಮ ಏರಿಯಾ ಯಾವ ಅಧಿಕಾರಿಗೆ ಬರುತ್ತೆ ಅಂತ ಮೊದಲು ಕೇಳಿಕೊಳ್ಳಿ. ಮುಖ್ಯ ಆಗೋದು ನೀವು ಕೆಲಸ ಮಾಡಿದ ಕಾರ್ಖಾನೆ ಇರುವ ಏರಿಯಾ, ನಿಮ್ಮ ಮನೆಯದಲ್ಲ. ನಾನು ಇದನ್ನು ಎರಡು ರಜೆ ಕಳೆದುಕೊಂಡು ಕಲಿತೆ. ಅರ್ಜಿಯನ್ನು ಆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಮ್ಮ ಕಾಪಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಬೇಕು. "ನೀವು ಇಟ್ಟು ಹೋಗಿ, ಆಮೇಲೆ ನೋಡ್ತೀವಿ" ಅಂದರೆ ನಗುನಗ್ತಾ ಅಲ್ಲೇ ನಿಂತಿರಿ.

(ನಾನು ಹೇಳುತ್ತಿರುವುದು 1972ರ ಗ್ರ್ಯಾಚುಟಿ ಕಾಯ್ದೆಯಲ್ಲಿ ನಡೆದದ್ದು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಿಗದಿತ ಅವಧಿಗೆ ಅಂತ ಸೇರಿಸಿಕೊಂಡವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರ್ಯಾಚುಟಿ ಸಿಗುತ್ತೆ ಅನ್ನುವುದು ಅದರಲ್ಲಿ ದೊಡ್ಡ ಬದಲಾವಣೆ. ಈಗ ಅರ್ಜಿ ಹಾಕುವವರು ಯಾವ ಫಾರಂ ಅಂತ ಕಚೇರಿಯಲ್ಲೇ ಕೇಳಿ.)

ವಿಚಾರಣೆ ಅಂದರೆ ಸಿನಿಮಾದ ಕೋರ್ಟ್ ಅಂದುಕೊಳ್ಳಬೇಡಿ. ಒಂದು ರೂಮು, ಅಧಿಕಾರಿಯ ಮೇಜು, ಗೋಡೆ ಪಕ್ಕ ಬೆಂಚು, ಅಷ್ಟೇ. ನಾನು ವಕೀಲರನ್ನು ಇಡಲಿಲ್ಲ, ಬೇಕಾಗಲೂ ಇಲ್ಲ. ಕಂಪನಿ ಕಡೆ ಇಟ್ಟಿದ್ದರು. ಮೊದಲ ಡೇಟಿಗೆ ವಕಾಲತ್ತು ಹಾಕಿ ಟೈಮ್ ತಗೊಂಡರು. ಎರಡನೇದಕ್ಕೆ ಯಾರೂ ಬರಲಿಲ್ಲ. ಮೂರನೇದಕ್ಕೆ ಆಕ್ಷೇಪಣೆ ಕೊಟ್ಟರು, ಮೊದಲ ವರ್ಷ ನಾನು ಟ್ರೈನಿ ಆಗಿದ್ದೆ, ಆದ್ದರಿಂದ ಆ ವರ್ಷ ಲೆಕ್ಕಕ್ಕಿಲ್ಲ ಅಂತ. ತಮಾಷೆ ನೋಡಿ, ಮೊದಲು ಕೊನೇ ಎಂಟು ತಿಂಗಳು ಬಿಟ್ಟು ಒಂಬತ್ತು ಮಾಡಿದ್ದರು, ಈಗ ಆ ಎಂಟು ತಿಂಗಳನ್ನು ಒಪ್ಪಿಕೊಂಡು ಮೊದಲ ವರ್ಷ ಕಿತ್ತು ಮತ್ತೆ ಒಂಬತ್ತೇ ಮಾಡಿದರು.

2012ರ ಸಂಬಳದ ಚೀಟಿ ನನ್ನ ಹತ್ತಿರ ಒಂದೂ ಇರಲಿಲ್ಲ. ಅಪಾಯಿಂಟ್‌ಮೆಂಟ್ ಲೆಟರ್ ಅವರು ಕೊಟ್ಟೇ ಇರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ವಾರ ನಿದ್ದೆ ಇಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಿ ಅಂದರೆ, ಮಗಳ ಹೆರಿಗೆ ಟೈಮಿನ ಆಸ್ಪತ್ರೆ ಕಾಗದಗಳ ಮಧ್ಯೆ ಹಳೇ ಇಎಸ್‌ಐ (ಕಾರ್ಮಿಕರ ವಿಮೆ) ಕಾಗದ. ಅದರಲ್ಲಿ ಸೇರಿದ ತಾರೀಕು, ಕಂಪನಿ ಕೋಡು ಎರಡೂ ಇತ್ತು. ಅದರ ಜೊತೆಗೆ ಪಿಎಫ್ ವಿವರ, ಮೊದಲ ತಿಂಗಳಿಂದ ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. ಅಧಿಕಾರಿ ನೋಡಿ ವಕೀಲರನ್ನು ಕೇಳಿದರು: ಅಪ್ರೆಂಟಿಸ್ ಕಾಯ್ದೆ ಪ್ರಕಾರ ಒಪ್ಪಂದ ಆಗಿದೆಯಾ, ಇದ್ದರೆ ತೋರಿಸಿ, ಇಲ್ಲದಿದ್ದರೆ ಟ್ರೈನಿ ಅಂತ ಹೆಸರಿಟ್ಟ ಮಾತ್ರಕ್ಕೆ ಆಗಲ್ಲ. ಅಪ್ರೆಂಟಿಸ್ ಆಗಿದ್ದರೆ ಪಿಎಫ್ ಯಾಕೆ ಕಟ್ಟಿದಿರಿ? ವಕೀಲರು ಇನ್ನೊಂದು ಡೇಟ್ ಕೇಳಿದರು.

ಒಟ್ಟು ಏಳು ಡೇಟ್, ಏಳು ಅರ್ಧ ದಿನದ ರಜೆ. ಜುಲೈನಲ್ಲಿ ಆದೇಶ ಬಂತು: 1,05,000, ಕೊಡಬೇಕಾಗಿದ್ದ ದಿನದಿಂದ ಕೊಡುವ ದಿನದವರೆಗೆ ವರ್ಷಕ್ಕೆ ನೂರಕ್ಕೆ 10ರ ಸರಳ ಬಡ್ಡಿ, 30 ದಿನದಲ್ಲಿ. ಅಪೀಲು ಹೋಗಬೇಕಾದರೆ ಕಂಪನಿ ಮೊದಲು ಆ ಹಣ ಕಟ್ಟಬೇಕು. ಕೊಡದೇ ಕೂತರೆ ಜಿಲ್ಲಾಧಿಕಾರಿಗೆ ವಸೂಲಾತಿ ಪತ್ರ ಹೋಗುತ್ತೆ, ಭೂಕಂದಾಯ ಬಾಕಿ ಥರ ವಸೂಲಿ ಮಾಡ್ತಾರೆ. ಅಲ್ಲಿ ತನಕ ನನ್ನದು ಹೋಗಲಿಲ್ಲ.

ಆಗಸ್ಟ್ 31ಕ್ಕೆ ಅಕೌಂಟ್ಸಿನವರೇ ಫೋನ್ ಮಾಡಿ ಕರೆದರು. ಅಸಲಿನ ಚೆಕ್ ಮಾತ್ರ ಇತ್ತು, ಜೊತೆಗೆ ಒಂದು ರಸೀದಿ, "ಪೂರ್ತಿ ಹಣ ಸಂದಾಯವಾಗಿದೆ, ಇನ್ನೇನೂ ಬಾಕಿ ಇಲ್ಲ" ಅಂತ. ನಾನು ಆ ಸಾಲನ್ನು ಹೊಡೆದು ಹಾಕಿ "ಬಡ್ಡಿ 13,125 ಬಾಕಿ ಇದೆ" ಅಂತ ಕೈಯಲ್ಲಿ ಬರೆದು ಸಹಿ ಮಾಡಿದೆ. ಅವರು ಮುಖ ನೋಡಿದರು, ನಾನೂ ನೋಡಿದೆ. ಟೀ ಕೊಡಿಸಲಿಲ್ಲ.

ಬಡ್ಡಿಯ ಚೆಕ್ ಮೂರು ವಾರ ಬಿಟ್ಟು ಅಂಚೆಯಲ್ಲಿ ಬಂತು. ಕವರಿನಲ್ಲಿ ಒಂದು ಸಾಲು ಪತ್ರ ಕೂಡ ಇರಲಿಲ್ಲ. ಬ್ಯಾಂಕಿಗೆ ಹಾಕಿದರೆ ನನ್ನ ಹೆಸರು ತಪ್ಪಿದೆ ಅಂತ ವಾಪಸ್ ಕೊಟ್ಟರು. ಹತ್ತು ವರ್ಷ ಸಂಬಳ ಕೊಟ್ಟವರಿಗೆ ನನ್ನ ಹೆಸರು ಬರೆಯೋಕೆ ಬರಲಿಲ್ಲ. ಈ ಸಲ ನಾನು ಫೋನ್ ಮಾಡಲಿಲ್ಲ. ಚೆಕ್ಕಿನ ಜೆರಾಕ್ಸ್ ತೆಗೆಸಿ, ಒಂದು ಪತ್ರ ಬರೆದು, ನೆಟ್ಟಗೆ ಅಂಚೆ ಕಚೇರಿಗೆ ಹೋದೆ.